ಬ್ಯಾಟರಿ ಸೀಸ ಮತ್ತು ಬಸಿರು: ಊಟ ಎಲ್ಲಿ ಕಾಯಿತು, ಎಲ್ಲಿ ಕಾಯಲಿಲ್ಲ

ಎರಡು ಸಲ ಬಸಿರು ನಿಲ್ಲದೆ ಹೋಗಿ, ಕಬ್ಬಿಣದ ಮಾತ್ರೆಗೆ ಬಗ್ಗದ ರಕ್ತಹೀನತೆ ಹೊತ್ತು ಬಂದ ಒಬ್ಬ ಹೆಣ್ಣುಮಗಳ ಪ್ರಕರಣ ಇದು. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನ ಆಸ್ಪತ್ರೆಯಲ್ಲಿ ನಾನು ಆಹಾರ ಸಲಹೆಗಾರ್ತಿ. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ; ಇಲ್ಲಿ ಆಕೆಯ ಹೆಸರು ಗಂಗವ್ವ ಎಂದಿರಲಿ.

ಸೀಸ, ಕ್ಯಾಡ್ಮಿಯಂ, ಪಾದರಸದಂಥ ಭಾರಲೋಹಗಳು ಗರ್ಭಕ್ಕೆ ಕೆಡುಕು ಎಂಬುದು ಈಗ ಬಹಳ ಮಂದಿಗೆ ಗೊತ್ತು. ಅದರ ಬೆನ್ನಿಗೇ ‘ಮೈಯೊಳಗಿನ ವಿಷ ತೊಳೆಯುವ’ ಜ್ಯೂಸು, ಪುಡಿ, ಕಷಾಯಗಳ ಪಟ್ಟಿಯೂ ವಾಟ್ಸಾಪಿನಲ್ಲಿ ಹರಿದಾಡುತ್ತಿದೆ. ಊಟಕ್ಕೆ ಕಾಯುವ ಶಕ್ತಿ ಇರುವುದು ನಿಜ. ಆದರೆ ಆ ಶಕ್ತಿ ಎಷ್ಟು, ಯಾವಾಗ, ಏನು ಮಾಡಿದ ಮೇಲೆ ಎಂಬುದು ಗಂಗವ್ವನ ಪ್ರಕರಣದಲ್ಲಿ ಕಂಡಷ್ಟು ಸ್ಪಷ್ಟವಾಗಿ ನನಗೆ ಬೇರೆಲ್ಲೂ ಕಂಡಿಲ್ಲ.

ಮನೆ, ಶೆಡ್ಡು, ಊಟ

ಆಗ ಗಂಗವ್ವನಿಗೆ 26 ವರ್ಷ. ಗಂಡ ಹಳೆಯ ಟ್ರ್ಯಾಕ್ಟರ್, ಇನ್ವರ್ಟರ್ ಬ್ಯಾಟರಿಗಳನ್ನು ಕೊಂಡು ಬಿಚ್ಚುತ್ತಿದ್ದ. ಮನೆಯ ಹಿಂಬದಿಯ ಗೋಡೆಗೆ ಆನಿಸಿ ಒಂದು ತಗಡಿನ ಶೆಡ್ಡು. ಬ್ಯಾಟರಿಯ ಆಸಿಡ್ ಹಿತ್ತಲಿಗೆ ಚೆಲ್ಲುವುದು, ಪೆಟ್ಟಿಗೆ ಒಡೆದು ಪ್ಲೇಟು ತೆಗೆಯುವುದು, ನಡೆಯುವಂಥ ಪ್ಲೇಟುಗಳನ್ನು ತೊಳೆದು ಮತ್ತೆ ಜೋಡಿಸುವುದು, ಉಳಿದದ್ದನ್ನು ಕಬ್ಬಿಣದ ಕಡಾಯಿಯಲ್ಲಿ ಕರಗಿಸಿ ಗಟ್ಟಿ ಹೊಯ್ದು ಗುಜರಿಯವರಿಗೆ ಮಾರುವುದು, ಇದು ಅವನ ದುಡಿಮೆ. ಹಳೆಯ ಬ್ಯಾಟರಿ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕೆಂಬ ನಿಯಮ 2001ರಿಂದ ಇದೆ, 2022ರಲ್ಲಿ ಹೊಸ ನಿಯಮವೂ ಬಂದಿದೆ. ಒಡೆದು ಮಾರಿದರೆ ಸಿಗುವ ನಾಲ್ಕು ಕಾಸು ಹೆಚ್ಚಾದ್ದರಿಂದ ಈ ಕೆಲಸ ಸಣ್ಣ ಊರುಗಳ ಹಿತ್ತಲುಗಳಲ್ಲಿ ನಡೆದೇ ಇದೆ. ಪೆಟ್ರೋಲಿನಲ್ಲಿದ್ದ ಸೀಸವನ್ನು ದೇಶ 2000ದಲ್ಲೇ ತೆಗೆದುಹಾಕಿತು. ಹಿತ್ತಲಿನ ಸೀಸ ಮಾತ್ರ ಹಾಗೇ ಉಳಿದಿದೆ.

ಗಂಗವ್ವ ಕಡಾಯಿಯ ಹತ್ತಿರ ಕೂರುತ್ತಿರಲಿಲ್ಲ. ಗಂಡನ ಬಟ್ಟೆ ಒಗೆಯುತ್ತಿದ್ದಳು, ಶೆಡ್ಡು ಗುಡಿಸುತ್ತಿದ್ದಳು, ಕೆಲಸ ಹೆಚ್ಚಿದ್ದ ದಿನ ಪ್ಲೇಟು ತೊಳೆದುಕೊಡುತ್ತಿದ್ದಳು. ‘ಗಂಡ ಬ್ಯಾಟರಿ ಕೆಲಸದವನು’ ಎಂದು ಕೇಸ್ ಶೀಟಿನಲ್ಲಿ ಬರೆದಿತ್ತು. ಆಕೆಯ ಹೆಸರಿನ ಮುಂದೆ ‘ಗೃಹಿಣಿ’ ಎಂದಿತ್ತು.

ಆಕೆಯ ಒಂದು ದಿನದ ಊಟ ಹೀಗಿತ್ತು. ನಸುಕಿಗೆ ಎದ್ದು ಚಹಾ. ಕಸ, ನೀರು, ಬಟ್ಟೆ, ರೊಟ್ಟಿ ಬಡಿಯುವುದು ಎಲ್ಲ ಮುಗಿದ ಮೇಲೆ ಹನ್ನೊಂದರ ಸುಮಾರಿಗೆ ಜೋಳದ ರೊಟ್ಟಿ, ಪಲ್ಲೆ, ಕೆಂಪು ಖಾರ. ಮಧ್ಯಾಹ್ನ ಮತ್ತೆ ಚಹಾ. ರಾತ್ರಿ ರೊಟ್ಟಿ ಇಲ್ಲವೇ ಅನ್ನ, ಸಾರು. ಸೋಮವಾರ, ಶುಕ್ರವಾರ ಒಪ್ಪತ್ತು. ಹಾಲು ಚಹಾಕ್ಕೆ ಮಾತ್ರ. ಮೊಸರು ಗಂಡಸರ ತಾಟಿಗೆ. ಲೆಕ್ಕ ಹಾಕಿದರೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ದಿನಕ್ಕೆ 350 ಮಿಲಿಗ್ರಾಂ ದಾಟುತ್ತಿರಲಿಲ್ಲ. ಬೇಕಾದದ್ದು 1000. ಜೋಳ ಒಳ್ಳೆಯ ಧಾನ್ಯ, ಆದರೆ 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಮಿನ ಆಸುಪಾಸು ಅಷ್ಟೇ. ಅಷ್ಟೇ ರಾಗಿಯಲ್ಲಿ 350ರ ಸುಮಾರು. ದಕ್ಷಿಣದ ಮುದ್ದೆ ತಿನ್ನುವ ಹೆಂಗಸಿಗೆ ತಾನಾಗಿ ಸಿಗುವ ಒಂದು ಆಸರೆ ಜೋಳದ ಸೀಮೆಯ ಹೆಂಗಸಿಗೆ ಹಾಲು-ಮಜ್ಜಿಗೆಯಿಂದಲೇ ಸಿಗಬೇಕು. ಅದು ಗಂಗವ್ವನ ಪಾಲಿಗೆ ಬರುತ್ತಿರಲಿಲ್ಲ.

ಏರದ ಹಿಮೋಗ್ಲೋಬಿನ್

ಮೊದಲ ಬಸಿರು ಎರಡನೇ ತಿಂಗಳಲ್ಲಿ ಹೋಗಿತ್ತು, ಎರಡನೆಯದು ಮೂರು ತುಂಬುವ ಮೊದಲು. ಮುಟ್ಟು ಕೆಲವೊಮ್ಮೆ ನಲವತ್ತು ದಿನಕ್ಕೆ, ಕೆಲವೊಮ್ಮೆ ಎರಡು ತಿಂಗಳಿಗೆ. ಸುಸ್ತು, ಮಲಬದ್ಧತೆ, ಹೊಕ್ಕುಳ ಸುತ್ತ ಬಂದು ಹೋಗುವ ನೋವು. ಹಿಮೋಗ್ಲೋಬಿನ್ 8.4. ಥೈರಾಯ್ಡ್, ಸಕ್ಕರೆ, ಸ್ಕ್ಯಾನಿಂಗ್ ಎಲ್ಲ ಸರಿ ಇದ್ದವು. ನಮ್ಮ ಸ್ತ್ರೀರೋಗ ತಜ್ಞೆ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆ, ಜಂತುಹುಳುವಿನ ಮಾತ್ರೆ ಬರೆದುಕೊಟ್ಟು ನನ್ನ ಬಳಿ ಕಳಿಸಿದರು. ನಾನು ಎಲ್ಲರಿಗೂ ಹೇಳುವುದನ್ನೇ ಹೇಳಿದೆ: ಸೊಪ್ಪು, ಕಾಳು, ಬೆಲ್ಲ-ಶೇಂಗಾ, ಊಟದ ಜೊತೆ ನಿಂಬೆಹಣ್ಣು, ಊಟಕ್ಕೂ ಚಹಾಕ್ಕೂ ಒಂದು ತಾಸು ಅಂತರ.

ಮೂರು ತಿಂಗಳ ನಂತರ ಹಿಮೋಗ್ಲೋಬಿನ್ 8.9. ಇಂಥಲ್ಲಿ ಸಾಮಾನ್ಯವಾಗಿ ಬರುವ ತೀರ್ಮಾನ ಒಂದೇ: ‘ಮಾತ್ರೆ ನುಂಗಿಲ್ಲ.’ ಗಂಗವ್ವನಿಗೂ ಆ ಮಾತು ಕೇಳಬೇಕಾಯಿತು. ಆಕೆ ಖಾಲಿ ಪಟ್ಟಿಗಳನ್ನೆಲ್ಲ ಸೆರಗಿನ ಗಂಟಿನಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟಳು. ಒಂದು ಮಾತ್ರೆಯೂ ಉಳಿದಿರಲಿಲ್ಲ.

ಆ ಖಾಲಿ ಪಟ್ಟಿಗಳಿಂದಲೇ ಪ್ರಕರಣದ ದಿಕ್ಕು ಬದಲಾಯಿತು. ಮಾತ್ರೆ ನುಂಗಿದ್ದಾಳೆ, ಆದರೂ ರಕ್ತ ಏರಿಲ್ಲ ಅಂದರೆ ಕಾರಣ ಬೇರೆ ಇರಬೇಕು. ತಜ್ಞೆ ರಕ್ತದ ಸ್ಮಿಯರ್, ಅಂದರೆ ಗಾಜಿನ ಮೇಲೆ ರಕ್ತ ಸವರಿ ಕಣಗಳನ್ನು ನೋಡುವ ಪರೀಕ್ಷೆ, ಮಾಡಿಸಿದರು. ನಮ್ಮ ಪ್ರಯೋಗಾಲಯದ ಹಿರಿಯ ಟೆಕ್ನೀಷಿಯನ್ ಸೂಕ್ಷ್ಮದರ್ಶಕದಿಂದ ತಲೆ ಎತ್ತದೆ, “ಮೇಡಂ, ಕಣದ ತುಂಬ ನೀಲಿ ಚುಕ್ಕಿ ಅದಾವ ನೋಡ್ರಿ” ಅಂದರು. ಕೆಂಪು ರಕ್ತಕಣದೊಳಗೆ ಹೀಗೆ ಒರಟಾದ ನೀಲಿ ಚುಕ್ಕೆಗಳು ಕಾಣುವುದು ಸೀಸದ ವಿಷದಲ್ಲಿ; ಥಲಸೇಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆಯಲ್ಲೂ ಕಾಣುತ್ತವೆ. ಥಲಸೇಮಿಯಾ ಅಲ್ಲವೆಂದು ಬೇರೆ ಪರೀಕ್ಷೆಯಿಂದ ಖಚಿತಪಡಿಸಿಕೊಂಡು, ರಕ್ತವನ್ನು ಸೀಸದ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದೆವು.

ಫಲಿತಾಂಶ: ಡೆಸಿಲೀಟರಿಗೆ 38 ಮೈಕ್ರೋಗ್ರಾಂ. 5 ದಾಟಿದರೆ ಮೂಲ ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ಗಂಡನ ರಕ್ತದಲ್ಲಿ 56 ಇತ್ತು. ಅವನ ವಸಡಿನ ಅಂಚಿಗೆ ನೀಲಿಗಪ್ಪು ಗೆರೆ ಬಿದ್ದಿತ್ತು.

ಮೈ ಹೊಸ ರಕ್ತ ತಯಾರಿಸುವ ಕೆಲಸಕ್ಕೆ ಸೀಸ ಅಡ್ಡ ಬರುತ್ತದೆ. ಕಬ್ಬಿಣ ಒಳಗೆ ಬಂದರೂ ಅದು ಹಿಮೋಗ್ಲೋಬಿನ್ ಆಗಿ ಕೂಡುವುದು ಕುಂಠಿತವಾಗುತ್ತದೆ. ಜೊತೆಗೆ ಸೀಸ, ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಹಾರ್ಮೋನಿನ ಲಯ ಕೆಡಿಸುತ್ತದೆ. ಕರುಳುಬಳ್ಳಿಯ ಮಾಸು ಅದನ್ನು ತಡೆಯುವುದಿಲ್ಲ, ತಾಯಿಯ ರಕ್ತದಿಂದ ಮಗುವಿಗೆ ಸಲೀಸಾಗಿ ದಾಟುತ್ತದೆ. ಮೆಕ್ಸಿಕೋ ನಗರದಲ್ಲಿ ಬಸಿರಿಯರನ್ನು ಹಿಂಬಾಲಿಸಿ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತದ ಸೀಸ 5 ಮೈಕ್ರೋಗ್ರಾಂ ಏರಿದಂತೆಲ್ಲ ಗರ್ಭಪಾತದ ಸಂಭವ 1.8 ಪಟ್ಟು ಹೆಚ್ಚಿತ್ತು. ಗಂಗವ್ವನ ಎರಡು ಬಸಿರು ಸೀಸದಿಂದಲೇ ಹೋದವೆಂದು ಆಣೆ ಮಾಡಿ ಹೇಳಲಾಗದು. ಆದರೆ ಸೀಸ 38 ಇರುವ ಮೈಯಲ್ಲಿ ಮೂರನೆಯ ಬಸಿರಿಗೆ ‘ದೇವರಿಟ್ಟಂತೆ ಆಗಲಿ’ ಎಂದು ಬಿಡುವುದು ಆಗದ ಮಾತಾಗಿತ್ತು.

ಹಿತ್ತಲಲ್ಲಿ ಕಂಡದ್ದು

ಆಶಾ ಕಾರ್ಯಕರ್ತೆಯ ಜೊತೆ ಮನೆಗೆ ಹೋದೆ. ಸೀಸ ಒಳಗೆ ಬರುವ ದಾರಿಗಳನ್ನು ಒಂದೊಂದಾಗಿ ನೋಡಿದೆವು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಾರೆಯೇ? ಇಲ್ಲ, ಎಲ್ಲ ಸ್ಟೀಲು. ಅರಿಸಿನ ಮನೆಯಲ್ಲೇ ಕುಟ್ಟಿದ್ದು. ರಾಯಚೂರು, ಯಾದಗಿರಿ ಕಡೆಯ ಕೆಲವು ಊರುಗಳ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದು ಗೊತ್ತಿರುವುದರಿಂದ ನೀರನ್ನೂ ಪರೀಕ್ಷೆಗೆ ಕಳಿಸಿದೆವು; ಅದರಲ್ಲಿ ತೊಂದರೆ ಇರಲಿಲ್ಲ.

ತೊಂದರೆ ಇದ್ದದ್ದು ಬಚ್ಚಲ ಆಚೆ. ಪ್ಲೇಟು ತೊಳೆದ ಬೂದುಬಣ್ಣದ ನೀರು ಹರಿದು ಹೋಗುವ ಕಡೆ ಎರಡು ಮಡಿ ಮಾಡಿ ಮೆಂತ್ಯ, ರಾಜಗಿರಿ ಬಿತ್ತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಮೂರನೆಯ ಮಡಿಯನ್ನೂ ಮಾಡಿದ್ದಳು. ಸೊಪ್ಪು ಹೆಚ್ಚು ತಿನ್ನು ಎಂಬ ಮಾತನ್ನು ಅಷ್ಟು ಶ್ರದ್ಧೆಯಿಂದ ಪಾಲಿಸಿದವರು ಕಡಿಮೆ. ಎಲೆಯ ಮೇಲೆ ಕೂತ ಧೂಳು, ಬೇರಿಗೆ ಅಂಟಿದ ಮಣ್ಣು, ಎಲ್ಲ ಸೇರಿ ಆ ಪಲ್ಲೆಯೇ ದಿನವೂ ಸೀಸವನ್ನು ತಾಟಿಗೆ ತರುತ್ತಿತ್ತು. ಯಾವ ಸೊಪ್ಪು ಎಂಬಷ್ಟೇ ಮುಖ್ಯ ಅದು ಯಾವ ನೆಲದ್ದು ಎಂಬುದು. ಅಂಗನವಾಡಿಗಳಲ್ಲಿ ಕೈತೋಟದ ಬಗ್ಗೆ ಹೇಳುವಾಗ ಈಗ ನಾನು ಇದನ್ನು ಮೊದಲು ಕೇಳುತ್ತೇನೆ.

ಇನ್ನೊಂದು ವಿಷಯ ಗೊತ್ತಾಗಿದ್ದು ಗೋಡೆ ನೋಡಿ. ಶೆಡ್ಡಿಗೆ ಆನಿಕೊಂಡ ಮಣ್ಣಿನ ಗೋಡೆಯಲ್ಲಿ, ಕೂತರೆ ಕೈಗೆ ಎಟುಕುವ ಎತ್ತರದಲ್ಲಿ, ಬೆರಳಿನಿಂದ ಕೆರೆದಂಥ ಕುಳಿಗಳು. ಅತ್ತೆ ನೀರು ತರಲು ಹೋದಾಗ ಮೆಲ್ಲಗೆ ಕೇಳಿದೆ: “ಮಣ್ಣು ಗಿಣ್ಣು ತಿಂತೀಯೇನವಾ?”

ಗಂಗವ್ವ ತಲೆ ತಗ್ಗಿಸಿದಳು. “ಹೊಟ್ಟ್ಯಾಗಿದ್ದಾಗ ಭಾಳ ತಿಂತಿದ್ನಿರಿ ಬಾಯಾರ. ಮಳಿ ಬಿದ್ದು ಗ್ವಾಡಿ ವಾಸನಿ ಬಂದ್ರ ತಡಕೊಳ್ಳಾಕ ಆಗ್ತಿರಲಿಲ್ಲ. ಈಗೂ ಒಮ್ಮೊಮ್ಮೆ…”

ಹೊರಗಿನಿಂದ ಬಂದ ಅತ್ತೆ ಕೇಳಿಸಿಕೊಂಡಳು. “ನಾವೂ ಬಸರಿದ್ದಾಗ ತಿಂದೇವ್ರಿ. ಬಳಪ ತಿಂದೇವಿ, ಒಲಿ ಮಣ್ಣ ತಿಂದೇವಿ. ಐದು ಮಕ್ಕಳನ್ನ ಹಡದೇನಿ. ನಮಗೇನಾತು?”

ಆಕೆ ಹೇಳಿದ್ದು ಸುಳ್ಳಲ್ಲ. ಆಕೆ ಬಸಿರಿಯಾಗಿದ್ದಾಗ ಆ ಜಾಗದಲ್ಲಿ ಎಮ್ಮೆ ಕಟ್ಟುತ್ತಿದ್ದರು, ಬ್ಯಾಟರಿ ಇರಲಿಲ್ಲ. ಕಬ್ಬಿಣ ಕಡಿಮೆಯಾದ ಹೆಂಗಸಿಗೆ ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಬಯಕೆ ಹುಟ್ಟುತ್ತದೆ. ಮಣ್ಣಿನಲ್ಲಿ ಸೀಸವಿದ್ದರೆ ಅದು ಒಳಗೆ ಹೋಗುತ್ತದೆ. ಒಳಗೆ ಹೋದ ಸೀಸ ರಕ್ತಹೀನತೆಯನ್ನು ಹೆಚ್ಚಿಸುತ್ತದೆ. ಬಯಕೆ ಮತ್ತೆ ಹೆಚ್ಚುತ್ತದೆ. ಇದನ್ನು ಅತ್ತೆಗೆ ಬಿಡಿಸಿ ಹೇಳಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ಆ ಗ್ವಾಡಿಗೆ ಇವತ್ತ ಸಿಮೆಂಟ್ ಬಡಸ್ತೀನಿ” ಅಂದಳು. ಬಡಿಸಿದಳು ಕೂಡ. ಮುಂದಿನ ಎಲ್ಲ ಹೆಜ್ಜೆಗಳಲ್ಲೂ ಆ ಮನೆಯಲ್ಲಿ ನಮಗೆ ಗಟ್ಟಿ ಆಸರೆಯಾದವಳು ಆ ಅತ್ತೆಯೇ.

ಮೊದಲ ಮೂರು ತಿಂಗಳು: ಅರ್ಧ ದಾರಿ

ಸೀಸ ಹೊರಹಾಕುವ ಔಷಧಿ ಕೊಡಬೇಕೇ ಎಂಬುದು ಮೊದಲ ದೊಡ್ಡ ನಿರ್ಧಾರ. ಆ ಔಷಧಿಗಳ ಮಾತು ಬರುವುದು ಸಾಮಾನ್ಯವಾಗಿ ರಕ್ತದ ಸೀಸ 45 ದಾಟಿದ ಮೇಲೆ. ಜೊತೆಗೆ, ಮೂಲ ತೆರೆದೇ ಇರುವಾಗ ಔಷಧಿ ಕೊಟ್ಟರೆ ಕರುಳು ಇನ್ನಷ್ಟು ಸೀಸ ಹೀರುವ ಅಪಾಯವೂ ಉಂಟು. ತಜ್ಞೆ ಬೇಡವೆಂದರು. ಗಂಡನನ್ನು ಜಿಲ್ಲಾ ಊರಿನ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಬಸಿರನ್ನು ಮುಂದೂಡುವುದಕ್ಕೆ ಇಬ್ಬರೂ ಒಪ್ಪಿದರು.

ಮೂಲದ ವಿಷಯದಲ್ಲಿ ಮನೆಯವರು ಒಪ್ಪಿದ್ದು ಇಷ್ಟು: ಗಂಡ ಶೆಡ್ಡಿನಲ್ಲೇ ಬಟ್ಟೆ ಬದಲಿಸಿ ಸ್ನಾನ ಮಾಡಿ ಒಳಗೆ ಬರುವುದು, ತನ್ನ ಬಟ್ಟೆ ತಾನೇ ಒಗೆಯುವುದು, ಗಂಗವ್ವ ಶೆಡ್ಡಿಗೆ ಕಾಲಿಡದಿರುವುದು, ಹಿತ್ತಲ ಸೊಪ್ಪು ಬಂದ್, ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವುದು. ಶೆಡ್ಡು ಎತ್ತುವುದಕ್ಕೆ ಅವರು ಸಿದ್ಧರಿರಲಿಲ್ಲ. ಹೊಟ್ಟೆಪಾಡು ಅದು.

ಊಟದ ಬದಲಾವಣೆ ಮಾತ್ರ ಪೂರ್ತಿ ಜಾರಿಗೆ ಬಂತು, ಅದರ ವಿವರ ಬರೆಯಬೇಕು.

ಎಲ್ಲಕ್ಕಿಂತ ಮೊದಲು ಬದಲಿಸಿದ್ದು ಹೊತ್ತು. ಖಾಲಿ ಹೊಟ್ಟೆಯಲ್ಲಿ ಸೀಸ ಬಾಯಿಗೆ ಹೋದರೆ ದೊಡ್ಡವರ ಕರುಳು ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೀರಬಲ್ಲದು. ಊಟದ ಜೊತೆ ಹೋದರೆ ಹತ್ತರಲ್ಲಿ ಒಂದು ಪಾಲೂ ಹೀರುವುದಿಲ್ಲ. ಗಂಗವ್ವ ಧೂಳಿನ ಕೆಲಸವೆಲ್ಲ ಮಾಡುತ್ತಿದ್ದದ್ದು ಬರೀ ಚಹಾದ ಮೇಲೆ, ಹನ್ನೊಂದರವರೆಗೆ. ಹಾಗಾಗಿ ಎದ್ದು ಕೈ ಬಾಯಿ ತೊಳೆದ ಕೂಡಲೇ ರಾತ್ರಿಯ ರೊಟ್ಟಿ ಮೊಸರಲ್ಲಿ ಕಲಸಿ ತಿನ್ನುವುದು, ಆಮೇಲೆ ಕೆಲಸ ಎಂದು ಮಾಡಿದೆವು. ಒಪ್ಪತ್ತಿನ ವಿಷಯ ಸೂಕ್ಷ್ಮ. ವ್ರತ ಬಿಡು ಎಂದು ನಾನು ಹೇಳಲಿಲ್ಲ. ಹಾಲು, ಬಾಳೆಹಣ್ಣು, ಶೇಂಗಾ ಉಂಡೆ ಒಪ್ಪತ್ತಿಗೆ ನಡೆಯುತ್ತದೆಯಲ್ಲ ಎಂದು ಅತ್ತೆಯನ್ನೇ ಕೇಳಿದೆ. “ಫಳಾರ ನಡೀತೈತಿ” ಅಂದಳು. ಅಲ್ಲಿಗೆ ಮುಗಿಯಿತು.

ಕ್ಯಾಲ್ಸಿಯಂ ಎರಡನೆಯದು. ದೇಹಕ್ಕೆ ಸೀಸ ಕ್ಯಾಲ್ಸಿಯಮ್ಮಿನ ಹಾಗೇ ಕಾಣುತ್ತದೆ. ಎರಡೂ ಕರುಳಿನಲ್ಲಿ ಒಳಗೆ ಹೋಗಲು ಪೈಪೋಟಿ ನಡೆಸುತ್ತವೆ. ದಿನಕ್ಕೆ ಅರ್ಧ ಲೀಟರ್ ಹಾಲು-ಮೊಸರು ಸೇರಿ ಆಕೆಯ ಪಾಲಿಗೇ ಎಂದು ಗೊತ್ತು ಮಾಡಿದೆವು. ಅದರಿಂದಲೇ 600 ಮಿಲಿಗ್ರಾಂ ಬರುತ್ತದೆ. ಹುರಿದ ಎಳ್ಳಿನ ಪುಡಿ ದಿನಕ್ಕೆ ಎರಡು ಚಮಚ. ಸಂಕ್ರಾಂತಿಗೆ ಮಾತ್ರ ಮಾಡುತ್ತಿದ್ದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ವಾರಕ್ಕೆ ಎರಡು ದಿನ. ಮುಂಜಾನೆ ರಾಗಿ ಅಂಬಲಿ. ಮೊದಮೊದಲು ‘ಇದು ನಮ್ಮ ಕಡಿದಲ್ಲ’ ಅಂದರೂ ಮಜ್ಜಿಗೆ ಬೆರೆಸಿದ ಮೇಲೆ ಒಗ್ಗಿತು. ನುಗ್ಗೆ ಸೊಪ್ಪು ತಂಗಿಯ ಊರಿನ ಹೊಲದಿಂದ.

ಕಬ್ಬಿಣ ಮುಂದುವರಿಯಿತು. ಕರುಳಿನಲ್ಲಿ ಕಬ್ಬಿಣವನ್ನು ಒಳಗೆ ತರುವ ಡಿಎಂಟಿ-1 ಎಂಬ ವಾಹಕ, ಕಬ್ಬಿಣ ಕಡಿಮೆಯಾದಾಗ ಹೆಚ್ಚಾಗುತ್ತದೆ. ಅದರ ಬೆನ್ನು ಹತ್ತಿ ಸೀಸ, ಕ್ಯಾಡ್ಮಿಯಂ ಕೂಡ ಒಳಗೆ ಬರುತ್ತವೆ. ರಕ್ತಹೀನ ಹೆಂಗಸರ ಮೈ ಭಾರಲೋಹವನ್ನು ಹೆಚ್ಚು ಹೀರುವುದು ಇದೇ ಕಾರಣಕ್ಕೆ. ಮಾತ್ರೆಯ ಜೊತೆ ನೆಲ್ಲಿಕಾಯಿ ಇಲ್ಲವೇ ಪೇರಲ. ಕಬ್ಬಿಣದ ಮಾತ್ರೆಗೂ ಹಾಲಿಗೂ ಎರಡು ತಾಸು ಅಂತರ. ಒಂದು ಇನ್ನೊಂದನ್ನು ತಡೆಯುತ್ತದೆ. ಮೊಟ್ಟೆ ತಿನ್ನುವ ಮನೆಯಾದ್ದರಿಂದ ದಿನಕ್ಕೊಂದು ಮೊಟ್ಟೆ.

ಬೆಳ್ಳುಳ್ಳಿಯ ಬಗ್ಗೆ ಗಂಡ ಕೇಳಿದ. ಇರಾನಿನ ಮಶ್ಹದ್‌ನಲ್ಲಿ ಕಾರ್ ಬ್ಯಾಟರಿ ಕೆಲಸಗಾರರ ಮೇಲೆ ಮಾಡಿ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೆಳ್ಳುಳ್ಳಿಯಿಂದ ಸೀಸ ಇಳಿದದ್ದು ನಿಜ. ಅಡುಗೆಯಲ್ಲಿ ಹಾಕಿ ತಿನ್ನಲು ಯಾವ ಅಡ್ಡಿಯೂ ಇಲ್ಲ ಅಂದೆ. ಆದರೆ ಬಸಿರು ಬಯಸುವ ಹೆಂಗಸಿನ ರಕ್ಷಣೆಯನ್ನು ಅದರ ಮೇಲೆ ನಿಲ್ಲಿಸುವಷ್ಟು ಆಧಾರ ನನಗೆ ಕಾಣುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣ, ಹೊತ್ತಿಗೆ ಊಟ, ಈ ಮೂರಕ್ಕೆ ಇರುವ ಆಧಾರ ಬೇರೆ ಯಾವುದಕ್ಕೂ ಇಲ್ಲ.

ಮೂರು ತಿಂಗಳ ನಂತರ ಹಿಮೋಗ್ಲೋಬಿನ್ 9.8ಕ್ಕೆ ಬಂದಿತ್ತು. ಹೊಟ್ಟೆನೋವು ಕಡಿಮೆಯಾಗಿತ್ತು, ಮಣ್ಣಿನ ಬಯಕೆ ಹೋಗಿತ್ತು. ಸೀಸ 31.

ಇಷ್ಟು ನಿಷ್ಠೆಯಿಂದ ಪಥ್ಯ ಮಾಡಿದ ಮೇಲೂ ಬರೀ ಏಳು ಇಳಿದದ್ದು ಎಲ್ಲರಿಗೂ ನಿರಾಸೆ ತಂದಿತು. ನನಗೆ ಈ ಪ್ರಕರಣದ ಅತಿ ಮುಖ್ಯ ಅಂಕಿ ಇದೇ. ರಕ್ತದಲ್ಲಿನ ಸೀಸ ಹೊಸದಾಗಿ ಬರುವುದು ನಿಂತರೆ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯತೊಡಗಬೇಕು. ಇಳಿದಿಲ್ಲ ಅಂದರೆ ಬರುವುದು ನಿಂತಿಲ್ಲ. ಊಟ ಒಂದು ಬಾಗಿಲನ್ನು ಕಿರಿದು ಮಾಡಿತ್ತು ಅಷ್ಟೇ; ಧೂಳು ಅದೇ ಬಾಗಿಲಲ್ಲಿ ದಿನವೂ ಬಂದು ನಿಲ್ಲುತ್ತಿತ್ತು.

ಪುಡಿಯ ಪೊಟ್ಟಣ

ಇದೇ ಹೊತ್ತಿಗೆ ಸಂಬಂಧಿಕರೊಬ್ಬರು ‘ಹೊಟ್ಟೆ ನಿಲ್ಲಲು’ ಎಂದು ಒಂದು ಪುಡಿ ತಂದುಕೊಟ್ಟರು. ಚೀಟಿ ಇಲ್ಲ, ಹೆಸರಿಲ್ಲ. ಅತ್ತೆ ಅದನ್ನು ಕೊಡುವ ಮೊದಲು ನನಗೆ ತೋರಿಸಲು ತಂದಳು. ಲೋಹ, ಖನಿಜ ಬಳಸಿ ಔಷಧಿ ಮಾಡುವ ಆಯುರ್ವೇದದ ಶಾಖೆಯಾದ ರಸಶಾಸ್ತ್ರದ ಕೆಲವು ಔಷಧಿಗಳಲ್ಲಿ ಲೋಹದ ಭಸ್ಮ ಇರುತ್ತದೆ. ನಾಗಭಸ್ಮವೆಂದರೆ ಸೀಸದ ಭಸ್ಮವೇ. ನ್ಯೂಯಾರ್ಕ್ ನಗರದಲ್ಲಿ 2011-12ರಲ್ಲಿ ಸೀಸದ ವಿಷ ಏರಿದ ಆರು ಬಸಿರಿಯರನ್ನು ಅಲ್ಲಿನ ಆರೋಗ್ಯ ಇಲಾಖೆ ಗುರುತಿಸಿತು. ಎಲ್ಲರೂ ಭಾರತದಿಂದ ಹೋದ ಆಯುರ್ವೇದ ಹೆಸರಿನ ಔಷಧಿ ಸೇವಿಸಿದ್ದರು. ಗಿಡಮೂಲಿಕೆಯ ಎಲ್ಲ ಔಷಧಿಯಲ್ಲೂ ಸೀಸವಿದೆ ಎಂದು ನಾನು ಹೇಳುತ್ತಿಲ್ಲ. ಚೀಟಿಯಿಲ್ಲದ ಪುಡಿಯಲ್ಲಿ ಏನಿದೆ ಎಂದು ಯಾರೂ ಹೇಳಲಾರರು, ಮೈಯಲ್ಲಿ ಆಗಲೇ 31 ಇರುವವಳು ಆ ಪರೀಕ್ಷೆಗೆ ತನ್ನನ್ನು ಒಡ್ಡಿಕೊಳ್ಳಬಾರದು. ಪೊಟ್ಟಣ ಆಸ್ಪತ್ರೆಯಲ್ಲೇ ಉಳಿಯಿತು.

ಮನೆ ಬಿಟ್ಟದ್ದು

31ರ ವರದಿಯನ್ನು ನಡುವೆ ಇಟ್ಟುಕೊಂಡು ಗಂಡ, ಅತ್ತೆ, ತಜ್ಞೆ, ನಾನು ಕೂತು ಮಾತಾಡಿದೆವು. ಗಂಡನಿಗೂ ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಬಿಡಲೇಬೇಕೆಂದು ಹೇಳಿದ್ದರು. ಸೀಸ ಗಂಡಸಿನ ವೀರ್ಯಕ್ಕೂ ಕೆಡುಕು ಎಂಬ ಮಾತು ಅವನನ್ನು ಅಲುಗಿಸಿತು. ಅಲ್ಲಿಯವರೆಗೆ ಇದು ಹೆಂಡತಿಯ ಕಾಯಿಲೆ ಎಂದೇ ಅವನ ಎಣಿಕೆ. ಕೊನೆಗೆ ಒಡೆಯುವುದನ್ನು ಬಿಟ್ಟು, ಹಳೆಯ ಬ್ಯಾಟರಿಗಳನ್ನು ಇಡಿಯಾಗಿ ಕೊಂಡು ನೋಂದಾಯಿತ ಡೀಲರಿಗೆ ಸಾಗಿಸುವ ಕೆಲಸಕ್ಕೆ ಹೊರಳಿದ. ಆದಾಯ ಇಳಿಯಿತು. ಕುಟುಂಬ ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆಗೆ ಹೋಯಿತು. ಹಳೆಯ ಹಾಸಿಗೆ, ಗೋಣಿತಟ್ಟುಗಳನ್ನು ಅಲ್ಲಿಗೆ ಒಯ್ಯಬೇಡಿ ಎಂದು ಹೇಳಿದೆವು, ಧೂಳು ಅವುಗಳಲ್ಲೇ ಕೂತಿರುತ್ತದೆ.

ನಾಲ್ಕು ತಿಂಗಳ ನಂತರ ಸೀಸ 17. ಅದೇ ಊಟ, ಅದೇ ಮಾತ್ರೆ, ಬದಲಾದದ್ದು ಮನೆ. ಹಿಮೋಗ್ಲೋಬಿನ್ 11.1. ಮುಟ್ಟು ಮೂವತ್ತರ ಆಸುಪಾಸಿಗೆ ಬಂತು.

ಆಮೇಲೆ ಇಳಿಕೆ ನಿಧಾನವಾಯಿತು. ಇದಕ್ಕೆ ಕಾರಣ ಮೂಳೆ. ದೊಡ್ಡವರ ಮೈಯಲ್ಲಿರುವ ಸೀಸದ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಮೂಳೆಯಲ್ಲಿ ಕೂತಿರುತ್ತದೆ, ಹತ್ತಾರು ವರ್ಷ ಅಲ್ಲೇ ಇರುತ್ತದೆ. ನೆಲದೊಳಗೆ ಕಾಳು ತುಂಬಿಡುವ ನಮ್ಮ ಕಡೆಯ ಹಗೇವಿನಂತೆ: ಮೇಲೆ ಏನೂ ಕಾಣದು, ಬರಗಾಲದಲ್ಲಿ ಬಾಯಿ ತೆರೆಯುತ್ತದೆ. ಬಸಿರು, ಬಾಣಂತನ ಎಂದರೆ ಮೂಳೆಯ ಪಾಲಿಗೆ ಆ ಬರಗಾಲವೇ. ಮಗುವಿನ ಅಸ್ಥಿಪಂಜರಕ್ಕೆ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಬೇಕು, ಬಹುಪಾಲು ಕೊನೆಯ ಮೂರು ತಿಂಗಳಲ್ಲಿ. ತಾಯಿಯ ತಾಟಿನಿಂದ ಬರದಿದ್ದರೆ ಅದು ಅವಳ ಮೂಳೆಯಿಂದ ಬರುತ್ತದೆ. ಅದರ ಜೊತೆಗೇ ಹಳೆಯ ಸೀಸವೂ. ಜಪಾನಿನ ತೋಯಾಮಾದ ಜಿಂಜೂ ನದಿಯ ದಂಡೆಯಲ್ಲಿ ಕ್ಯಾಡ್ಮಿಯಂ ಬೆರೆತ ಅಕ್ಕಿ ಉಂಡು, ಮೂಳೆ ಮುರಿಯುವ ಇತಾಯಿ-ಇತಾಯಿ ಕಾಯಿಲೆಗೆ ಹೆಚ್ಚಾಗಿ ಬಲಿಯಾದವರು ಹಲವು ಸಲ ಹೆತ್ತ ನಡುವಯಸ್ಸು ದಾಟಿದ ಹೆಂಗಸರು ಎಂಬುದನ್ನು ನಾನು ಈ ಜಾಗದಲ್ಲಿ ಯಾವಾಗಲೂ ನೆನೆಯುತ್ತೇನೆ. ಲೋಹ ಬೇರೆ, ಕೆಡುಕಿನ ಬಗೆಯೂ ಬೇರೆ. ಆದರೆ ಹೆತ್ತು ಬರಿದಾದ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಸಾಲದ ಮೈಯಲ್ಲೇ ಅದೂ ಹೆಚ್ಚು ಕಾಡಿತು.

ಕಾಯುವುದು ಎಲ್ಲಿಯವರೆಗೆ

ಮನೆ ಬಿಟ್ಟು ಒಂದು ವರ್ಷವಾದಾಗ ಸೀಸ 10ಕ್ಕೆ ಬಂದಿತ್ತು. ನಾನು 5ರ ಕೆಳಗೆ ಬರುವವರೆಗೆ ಕಾಯಬೇಕೆಂಬ ಕಡೆಗಿದ್ದೆ. ತಜ್ಞೆಯ ಮಾತು ಬೇರೆ: ಮೂಳೆಯ ದಾಸ್ತಾನು ಖಾಲಿಯಾಗಲು ಹತ್ತು ವರ್ಷ ಬೇಕಾದೀತು, ಅಲ್ಲಿಯವರೆಗೆ ಈಕೆಯ ವಯಸ್ಸು ನಿಲ್ಲುವುದಿಲ್ಲ, ಹೊಸ ಸೀಸ ಬರುವುದು ನಿಂತಿದೆ, ರಕ್ತ ಸರಿಯಾಗಿದೆ, ಊಟ ಗಟ್ಟಿಯಾಗಿದೆ, ಈಗ ಬಸಿರಾದರೆ ಕಾವಲು ಕಾಯುತ್ತ ದಾಟಿಸಬಹುದು. ಗಂಗವ್ವ ಇಬ್ಬರ ಮಾತನ್ನೂ ಕೇಳಿ, “ಎಲ್ಲಾ ಹೇಳೀರಿ, ತಿಳೀತು. ನನಗ ಈಗ ಬೇಕ್ರಿ” ಅಂದಳು. ನಿರ್ಧಾರ ಆಕೆಯದಾಯಿತು, ಅದು ಸರಿಯಾಗಿಯೇ ಇತ್ತು.

ಬಸಿರು ನಿಂತ ಮೇಲೆ ಸರ್ಕಾರಿ ಕ್ರಮದಂತೆ ನಾಲ್ಕನೇ ತಿಂಗಳಿನಿಂದ 500 ಮಿಲಿಗ್ರಾಮಿನ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆ ಎರಡು, ಊಟದ ಜೊತೆ. ಕಬ್ಬಿಣದ ಮಾತ್ರೆ ಬೇರೆ ಹೊತ್ತಿಗೆ. ಊಟದಿಂದ 1000, ಮಾತ್ರೆಯಿಂದ 1000, ಒಟ್ಟು 2000 ಮಿಲಿಗ್ರಾಂ. ಸೀಸವಿರುವ ಬಸಿರಿಯರಿಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2010ರಲ್ಲಿ ಹೇಳಿದ ಪ್ರಮಾಣವೂ ಅದೇ. ಕ್ಯಾಲ್ಸಿಯಂ ಕಡಿಮೆ ಉಣ್ಣುವ, ಸೀಸ 5 ದಾಟಿದ ಬಸಿರಿಯರಿಗೆ ಪೂರಕವಾಗಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಲಾಭ ಎಷ್ಟು? ಮೆಕ್ಸಿಕೋದಲ್ಲಿ ಬಸಿರಿಯರಿಗೆ ದಿನಕ್ಕೆ 1200 ಮಿಲಿಗ್ರಾಂ ಕೊಟ್ಟು 2009ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ರಕ್ತದ ಸೀಸ ಸರಾಸರಿ 11% ಕಡಿಮೆಯಾಗಿತ್ತು. ಬಿಡದೆ ನುಂಗಿದವರಲ್ಲಿ ಇನ್ನೂ ಹೆಚ್ಚು. 11% ಎಂದರೆ ಪವಾಡವಲ್ಲ. ಮಗುವಿನ ಬೆಳೆಯುವ ಮೆದುಳಿಗೆ ಸುರಕ್ಷಿತವಾದ ಸೀಸದ ಪ್ರಮಾಣವೇ ಇಲ್ಲದಿರುವಾಗ ಅದನ್ನು ಬಿಡುವಂತೆಯೂ ಇಲ್ಲ.

ಬಸಿರಿ-ಬಾಣಂತಿಯರಿಗೆಂದು ಸರ್ಕಾರ ಅಂಗನವಾಡಿಯಲ್ಲಿ ನಡೆಸುವ ‘ಮಾತೃಪೂರ್ಣ’ ಯೋಜನೆಯ ಮಧ್ಯಾಹ್ನದ ಊಟ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ ಆಕೆಗೆ ನಿಜವಾಗಿ ನೆರವಾದವು. ಆದಾಯ ಇಳಿದಿದ್ದ ಮನೆಯಲ್ಲಿ ಅರ್ಧ ಲೀಟರ್ ಹಾಲಿನ ಲೆಕ್ಕ ಪ್ರತಿ ತಿಂಗಳೂ ಅಲ್ಲಾಡುತ್ತಿತ್ತು.

ಸೀಸ ಮೊದಲ ತಿಂಗಳುಗಳಲ್ಲಿ 9, ಐದನೇ ತಿಂಗಳಲ್ಲಿ 7. ಎಂಟನೇ ತಿಂಗಳಲ್ಲಿ ಮತ್ತೆ 9. ಗಂಡ ಗಾಬರಿಯಾದ. ಬಸಿರಿನಲ್ಲಿ ರಕ್ತದ ನೀರಿನಂಶ ಹೆಚ್ಚಿ ನಡುವೆ ಇಳಿಯುವುದು, ಕೊನೆಗೆ ಮೂಳೆ ಕರಗಿ ಏರುವುದು ಗೊತ್ತಿರುವ ಸಂಗತಿಯೇ. ಅದನ್ನು ಮೊದಲೇ ಮನೆಯವರಿಗೆ ಹೇಳಿಟ್ಟರೆ ಗಾಬರಿ ತಪ್ಪುತ್ತದೆ.

ಹೆರಿಗೆಯ ನಂತರ

ತಿಂಗಳು ತುಂಬಿ ಸಹಜ ಹೆರಿಗೆ, ಹೆಣ್ಣುಮಗು, 2.7 ಕಿಲೋ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಸೀಸ 8. ಎದೆಹಾಲು ಕುಡಿಸಬಹುದೇ ಎಂಬ ಪ್ರಶ್ನೆ ಬಂತು. ತಾಯಿಯ ಸೀಸ 40ಕ್ಕಿಂತ ಕೆಳಗಿದ್ದರೆ ಕುಡಿಸುವುದೇ ಒಳ್ಳೆಯದು ಎಂಬುದು ಅಮೆರಿಕದ ಅದೇ ಮಾರ್ಗದರ್ಶಿಯ ಮಾತು. ನಾವೂ ಹಾಗೇ ಹೇಳಿದೆವು. ಬಾಣಂತನದಲ್ಲಿ ಮೂಳೆ ಇನ್ನೂ ಕರಗುತ್ತದೆ, ಹಾಗಾಗಿ ಕ್ಯಾಲ್ಸಿಯಂ ನಿಲ್ಲಿಸಲಿಲ್ಲ. ಬಾಣಂತಿಗೆ ಹಾಲು, ಮೊಸರು ‘ಥಂಡಿ’ ಎಂದು ಬಿಡಿಸುವ ರೂಢಿ ಆ ಮನೆಯಲ್ಲೂ ಇತ್ತು. ಅತ್ತೆ ಮೊಸರನ್ನು ಒಪ್ಪಲಿಲ್ಲ; ಬಿಸಿ ಹಾಲು, ಎಳ್ಳು-ಬೆಲ್ಲದ ಉಂಡೆ, ರಾಗಿ ಗಂಜಿಗೆ ಒಪ್ಪಿದಳು. ನಮಗೆ ಅಷ್ಟು ಸಾಕಿತ್ತು.

ಆರು ತಿಂಗಳಿಗೆ ಮಗುವಿನ ಸೀಸ 5.1. ಮಗು ಚುರುಕಾಗಿದೆ, ತೂಕ ಏರುತ್ತಿದೆ. ಆದರೆ ಅಮೆರಿಕದಲ್ಲಿ ಮಕ್ಕಳಿಗೆ ನಿಗಾ ಇಡಬೇಕೆಂದು ಈಗ ಇಟ್ಟಿರುವ ಗೆರೆ 3.5. ಆದ್ದರಿಂದ ಪ್ರಕರಣ ಮುಗಿದಿಲ್ಲ. ವಾರಕ್ಕೆ ಎರಡು ಸಲ ಕಬ್ಬಿಣದ ಹನಿ ನಡೆಯುತ್ತಿದೆ, ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಮಾತು-ನಡಿಗೆಯ ಮೇಲೆ ಕಣ್ಣು. ಇನ್ನೊಂದು ಮಗು ಬೇಕೆಂದರೆ ಮೂರು ವರ್ಷ ಬಿಟ್ಟು ಎಂದು ತಜ್ಞೆ ಹೇಳಿದ್ದಾರೆ, ಮೂಳೆ ತುಂಬಿಕೊಳ್ಳಲು.

ನಮ್ಮ ಹೊರರೋಗಿ ವಿಭಾಗದಲ್ಲಿ ಈಗ, ಬಸಿರು ಮತ್ತೆ ಮತ್ತೆ ಹೋದವರಿಗೂ ಮಾತ್ರೆಗೆ ರಕ್ತ ಏರದವರಿಗೂ ನಾಲ್ಕು ಪ್ರಶ್ನೆ ಹೆಚ್ಚಾಗಿ ಕೇಳುತ್ತೇವೆ: ಮನೆಯಲ್ಲಿ, ಪಕ್ಕದಲ್ಲಿ ಯಾವ ಕೆಲಸ ನಡೆಯುತ್ತದೆ, ಆ ಬಟ್ಟೆ ಯಾರು ಒಗೆಯುತ್ತಾರೆ, ಮಣ್ಣು-ಬಳಪ ತಿನ್ನುವುದುಂಟೇ, ಚೀಟಿಯಿಲ್ಲದ ಪುಡಿ ತಗೊಂಡಿದ್ದೀರಾ. ಹೀಗೆ ಕೇಳಿದ್ದರಿಂದ ಅದೇ ಗಲ್ಲಿಯ ಇನ್ನೊಬ್ಬಾಕೆಯ ರಕ್ತದಲ್ಲಿ 22 ಸಿಕ್ಕಿದೆ. ಆಕೆ ಈಗ ನಾಲ್ಕು ತಿಂಗಳ ಬಸಿರಿ, ಗಂಡ ಇನ್ನೂ ಪ್ಲೇಟು ಕರಗಿಸುತ್ತಾನೆ. ಮೊದಲು ಆಕೆಯನ್ನು ತವರಿಗೆ ಕಳಿಸಿ ಎಂದಿದ್ದೇವೆ. ಊಟದ ಚೀಟಿಯನ್ನು ತವರಿನ ವಿಳಾಸಕ್ಕೇ ಬರೆದುಕೊಟ್ಟಿದ್ದೇನೆ.